ತಂದೆಗೆ ನಲವತ್ತಾರು, ಮಗನಿಗೆ ಹದಿನೇಳು: ಗಾಲ್ಫ್ ಇತಿಹಾಸದಲ್ಲಿ ವಯಸ್ಸಿನ ಲೆಕ್ಕ

ವಯಸ್ಸಿನ ವಿಷಯದಲ್ಲಿ ನಮ್ಮ ಗಾದೆಗಳು ಬಹಳ ನಿಷ್ಠುರವಾಗಿವೆ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂದು ಒಂದು ಗಾದೆ ಕೇಳುತ್ತದೆ. 'ಅರವತ್ತಕ್ಕೆ ಅರಳು ಮರಳು' ಎಂದು ಇನ್ನೊಂದು ತೀರ್ಪನ್ನೇ ಕೊಟ್ಟುಬಿಡುತ್ತದೆ. ಮೊದಲನೆಯದರ ಪ್ರಕಾರ ಚಿಕ್ಕಂದಿನಲ್ಲಿ ಕಲಿಯದವನು ಕೆಟ್ಟ. ಎರಡನೆಯದರ ಪ್ರಕಾರ ಕಲಿತವನೂ ಒಂದು ದಿನ ಕೆಡುವವನೇ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿದ ನನಗೆ ಈ ಎರಡು ಗಾದೆಗಳನ್ನೂ ದಾಖಲೆಗಳ ಮುಂದೆ ನಿಲ್ಲಿಸಿ ನೋಡಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಅದಕ್ಕಾಗಿ ನಾನು ಆರಿಸಿಕೊಂಡದ್ದು ಗಾಲ್ಫ್ ಆಟದ ಇತಿಹಾಸವನ್ನು.

ಕಬಡ್ಡಿ, ಖೊಖೊ ಆಡಿ ಬೆಳೆದ ನಮಗೂ ಗಾಲ್ಫಿಗೂ ಎತ್ತಣಿಂದೆತ್ತ ಸಂಬಂಧ ಎಂದು ನಿಮ್ಮಲ್ಲಿ ಹಲವರು ಹುಬ್ಬೇರಿಸಬಹುದು. ಕಾರಣವಿದೆ. ಕಬಡ್ಡಿಯಲ್ಲಿ ಇಪ್ಪತ್ತರ ಹುಡುಗನ ಎದುರು ನಲವತ್ತೈದರವನನ್ನು ನಿಲ್ಲಿಸಿದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು. ದೇಹವೇ ಉತ್ತರ ಹೇಳುತ್ತದೆ. ಗಾಲ್ಫಿನಲ್ಲಿ ಹಾಗಲ್ಲ. ಚೆಂಡು ನೆಲದ ಮೇಲೆ ಸುಮ್ಮನೆ ಕುಳಿತಿರುತ್ತದೆ. ಯಾರೂ ತಳ್ಳುವುದಿಲ್ಲ, ಎಳೆಯುವುದಿಲ್ಲ. ಆಟಗಾರ ತನಗೆ ಬೇಕಾದಾಗ ಹೊಡೆಯಬಹುದು. ಆದ್ದರಿಂದಲೇ ತಾತನೂ ಮೊಮ್ಮಗನೂ ಒಂದೇ ಮೈದಾನದಲ್ಲಿ ಜೊತೆಯಾಗಿ ಆಡಬಲ್ಲ ಆಟ ಇದು. ಜೊತೆಗೆ 1860ರಿಂದ ಇಂದಿನವರೆಗೆ ಯಾವ ವರ್ಷ ಯಾರು ಗೆದ್ದರು, ಎಷ್ಟು ಹೊಡೆತಗಳಲ್ಲಿ ಗೆದ್ದರು ಎಂಬ ಲೆಕ್ಕ ಅಚ್ಚುಕಟ್ಟಾಗಿ ಉಳಿದಿದೆ. ಇತಿಹಾಸದ ಮೇಷ್ಟರಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯ ಯಾವುದು?

ಆಟ ತಿಳಿಯದವರಿಗಾಗಿ ಎರಡು ಮಾತು. ಗಾಲ್ಫ್ ಮೈದಾನದಲ್ಲಿ ಸಾಮಾನ್ಯವಾಗಿ 18 ಕುಳಿಗಳು. ಅತಿ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಎಲ್ಲ ಕುಳಿಗಳಿಗೂ ಸೇರಿಸಿದವನೇ ವಿಜಯಿ. ದೊಡ್ಡ ಪಂದ್ಯಾವಳಿ ನಾಲ್ಕು ದಿನ ನಡೆಯುತ್ತದೆ. ಒಟ್ಟು 72 ಕುಳಿ. ವರ್ಷಕ್ಕೆ ನಾಲ್ಕು ಪಂದ್ಯಾವಳಿಗಳನ್ನು 'ಮೇಜರ್' ಎನ್ನುತ್ತಾರೆ: 1860ರಲ್ಲಿ ಆರಂಭವಾದ ಬ್ರಿಟನ್ನಿನ ಓಪನ್, 1895ರ ಅಮೆರಿಕನ್ ಓಪನ್, 1916ರ ಪಿಜಿಎ ಚಾಂಪಿಯನ್‌ಷಿಪ್, 1934ರ ಮಾಸ್ಟರ್ಸ್. ಒಬ್ಬ ಗಾಲ್ಫ್ ಆಟಗಾರನ ದೊಡ್ಡತನವನ್ನು ಅಳೆಯುವುದು ಆತ ಗೆದ್ದ ಮೇಜರುಗಳ ಸಂಖ್ಯೆಯಿಂದ.

ತಂದೆ ಮತ್ತು ಮಗ

ನಮ್ಮ ಪ್ರಶ್ನೆಗೆ ಮೊದಲ ಸಾಕ್ಷಿಯಾಗಿ ಬರುವವರು ಸ್ಕಾಟ್ಲೆಂಡಿನ ಒಂದೇ ಮನೆಯ ಇಬ್ಬರು. ಇಬ್ಬರ ಹೆಸರೂ ಟಾಮ್ ಮಾರಿಸ್. ತಂದೆ 1821ರ ಜೂನ್ 16ರಂದು ಸೇಂಟ್ ಆಂಡ್ರ್ಯೂಸ್‌ನಲ್ಲಿ ಹುಟ್ಟಿದವರು; ಮೈದಾನ ನೋಡಿಕೊಳ್ಳುವುದು ಅವರ ಕಸುಬು. ಓಪನ್ ಪಂದ್ಯಾವಳಿ ಆಗ ಪ್ರೆಸ್ಟ್‌ವಿಕ್ ಎಂಬಲ್ಲಿ ನಡೆಯುತ್ತಿತ್ತು. ಹನ್ನೆರಡು ಕುಳಿಗಳ ಮೈದಾನವನ್ನು ಒಂದೇ ದಿನ ಮೂರು ಸುತ್ತು ಆಡಬೇಕು. 1861, 1862, 1864ರಲ್ಲಿ ಗೆದ್ದಿದ್ದ ಹಿರಿಯ ಮಾರಿಸ್ 1867ರಲ್ಲಿ ನಾಲ್ಕನೆಯ ಬಾರಿ ಗೆದ್ದರು. ಆಗ ಅವರಿಗೆ 46 ವರ್ಷ. ಮರುವರ್ಷ, 1868ರಲ್ಲಿ, ತಂದೆಯೂ ಕಣದಲ್ಲಿದ್ದ ಪಂದ್ಯದಲ್ಲಿ ಮಗ ಗೆದ್ದ. ಮಗನಿಗೆ 17 ವರ್ಷ.

ಈ ಎರಡೂ ದಾಖಲೆಗಳು ಒಂದೂವರೆ ಶತಮಾನ ದಾಟಿದರೂ ಅಳಿದಿಲ್ಲ. ಓಪನ್ ಗೆದ್ದವರಲ್ಲಿ ಅತಿ ಹಿರಿಯ ಇಂದಿಗೂ ಆ ತಂದೆ. ಅತಿ ಕಿರಿಯ ಇಂದಿಗೂ ಆ ಮಗ. ಹೀಗೆ ವಯಸ್ಸಿನ ಎರಡು ತುದಿಗಳೂ ಒಂದೇ ಮನೆಯಲ್ಲಿ, ಒಂದು ವರ್ಷದ ಅಂತರದಲ್ಲಿ ದಾಖಲಾದವು.

ಮಗ 1869, 1870ರಲ್ಲೂ ಗೆದ್ದು, ಸತತ ಮೂರು ಬಾರಿ ಗೆದ್ದವನಿಗೆ ಸಲ್ಲಬೇಕಾಗಿದ್ದ ಕೆಂಪು ಚರ್ಮದ ಬೆಳ್ಳಿ ಬಕಲಿನ ಪಟ್ಟಿಯನ್ನು ಶಾಶ್ವತವಾಗಿ ತನ್ನದಾಗಿಸಿಕೊಂಡ. ಕೊಡಲು ಬಹುಮಾನವೇ ಇಲ್ಲವಾದ್ದರಿಂದ 1871ರಲ್ಲಿ ಪಂದ್ಯ ನಡೆಯಲಿಲ್ಲ. 1872ರಲ್ಲಿ ಮತ್ತೆ ಅವನೇ ಗೆದ್ದ. ಇಪ್ಪತ್ತೊಂದು ವರ್ಷಕ್ಕೆ ನಾಲ್ಕು ಪ್ರಶಸ್ತಿ! ಮೂರು ವರ್ಷಗಳ ನಂತರ, 1875ರ ಸೆಪ್ಟೆಂಬರಿನಲ್ಲಿ, ತಂದೆಯೊಡನೆ ಬೇರೊಂದು ಊರಿನಲ್ಲಿ ಆಡುತ್ತಿದ್ದಾಗ ಹೆಂಡತಿಯ ಹೆರಿಗೆ ಕಷ್ಟವಾಗಿದೆಯೆಂಬ ತಂತಿ ಬಂತು. ಅವನು ಮನೆ ಸೇರುವಷ್ಟರಲ್ಲಿ ತಾಯಿ, ಮಗು ಇಬ್ಬರೂ ಉಳಿದಿರಲಿಲ್ಲ. ಅದೇ ವರ್ಷದ ಕ್ರಿಸ್‌ಮಸ್ ದಿನ ಅವನೂ ತೀರಿಕೊಂಡ, ವಯಸ್ಸು 24. ತಂದೆ ಮಾತ್ರ 1908ರವರೆಗೆ ಬದುಕಿದರು. ವಯಸ್ಸಿನ ಬಗ್ಗೆ ಮಾತನಾಡುವಾಗ ಎಲ್ಲರಿಗೂ ವೃದ್ಧಾಪ್ಯ ಸಿಗುವುದಿಲ್ಲವೆಂಬ ಮಾತನ್ನೂ ನೆನಪಿಡಬೇಕು.

ಹುಟ್ಟಿನ ಗಡಿಯಾರ

ಈ ತುದಿಗಳನ್ನು ಬಿಟ್ಟು ನಡುವಿನ ಬಯಲಿಗೆ ಬರೋಣ. ಮಹಾನ್ ಆಟಗಾರರು ಹೆಚ್ಚು ಗೆದ್ದದ್ದು ಯಾವ ವಯಸ್ಸಿನಲ್ಲಿ? ಅತಿ ಹೆಚ್ಚು ಮೇಜರ್ ಗೆದ್ದ ಇಬ್ಬರನ್ನೇ ತೆಗೆದುಕೊಳ್ಳಿ. 1940ರಲ್ಲಿ ಹುಟ್ಟಿದ ಜಾಕ್ ನಿಕ್ಲಾಸ್ ಗೆದ್ದದ್ದು 18. ಅವುಗಳಲ್ಲಿ ಇಪ್ಪತ್ತರ ದಶಕದ ವಯಸ್ಸಿನಲ್ಲಿ 7, ಮೂವತ್ತರ ದಶಕದಲ್ಲಿ 8, ನಲವತ್ತು ದಾಟಿದ ಮೇಲೆ 3. 1975ರ ಕೊನೆಯಲ್ಲಿ ಹುಟ್ಟಿದ ಟೈಗರ್ ವುಡ್ಸ್ ಗೆದ್ದದ್ದು 15. ಮೂವತ್ತು ತುಂಬುವ ಮೊದಲು 10, ಮೂವತ್ತರ ದಶಕದಲ್ಲಿ 4, ನಲವತ್ತರ ನಂತರ 1.

ಈ ಲೆಕ್ಕವನ್ನು ಯಾವ ಕಡೆಯಿಂದ ನೋಡಿದರೂ ಒಂದು ಮಾತು ಸ್ಪಷ್ಟ. 'ವಯಸ್ಸು ಬರಿಯ ಒಂದು ಸಂಖ್ಯೆ' ಎಂದು ಈಗ ಎಲ್ಲರೂ ಹೇಳುತ್ತಾರಲ್ಲ, ಅದು ನಿಜವಲ್ಲ. ದೇಹವನ್ನು ಇಷ್ಟು ಕಡಿಮೆ ದಂಡಿಸುವ ಆಟದಲ್ಲಿಯೂ, ಇಷ್ಟು ದೊಡ್ಡ ಆಟಗಾರರಲ್ಲಿಯೂ, ನಲವತ್ತರ ನಂತರ ಗೆಲುವು ಅಪರೂಪವಾಗುತ್ತದೆ. 1860ರಿಂದ ಈವರೆಗೆ ಐವತ್ತು ತುಂಬಿದ ಮೇಲೆ ಮೇಜರ್ ಗೆದ್ದವರು ಒಬ್ಬರೇ ಒಬ್ಬರು. ಅವರ ವಿಷಯ ಮುಂದೆ ಹೇಳುತ್ತೇನೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ದಾಖಲೆಯನ್ನು ಅರ್ಧ ಮಾತ್ರ ಓದಿದಂತೆ.

ಗೆಲುವಿನ ಗಡಿಯಾರ

ನಾನು ಒಂದು ಹಾಳೆಯಲ್ಲಿ ಆರು ಮಂದಿಯ ಹೆಸರು ಬರೆದು, ಪ್ರತಿಯೊಬ್ಬರ ಮೊದಲ ಮತ್ತು ಕೊನೆಯ ದೊಡ್ಡ ಗೆಲುವಿನ ವರ್ಷಗಳನ್ನೂ ಆಗಿನ ವಯಸ್ಸನ್ನೂ ಎದುರಿಗೆ ಬರೆದುಕೊಂಡೆ. ನೀವೂ ನೋಡಿ.

ಬಾಬಿ ಜೋನ್ಸ್: 1923ರಿಂದ 1930, 21ರಿಂದ 28ನೆಯ ವಯಸ್ಸು.
ಬೆನ್ ಹೋಗನ್: 1946ರಿಂದ 1953, 34ರಿಂದ 40.
ಆರ್ನಾಲ್ಡ್ ಪಾಮರ್: 1958ರಿಂದ 1964, 28ರಿಂದ 34.
ಟಾಮ್ ವಾಟ್ಸನ್: 1975ರಿಂದ 1983, 25ರಿಂದ 33.
ಸೆವ್ ಬ್ಯಾಲೆಸ್ಟೆರೋಸ್: 1979ರಿಂದ 1988, 22ರಿಂದ 31.
ನಿಕ್ ಫಾಲ್ಡೊ: 1987ರಿಂದ 1996; 30ರಿಂದ 38.

ಆರಂಭದ ವಯಸ್ಸು ಒಬ್ಬೊಬ್ಬರಿಗೆ ಒಂದೊಂದು. ಮುಗಿದ ವಯಸ್ಸೂ ಹಾಗೆಯೇ. ಆದರೆ ನಡುವಿನ ಅವಧಿಯನ್ನು ಗಮನಿಸಿ: ಏಳು ವರ್ಷ, ಏಳು, ಆರು, ಎಂಟು, ಒಂಬತ್ತು, ಒಂಬತ್ತು. ಬೇಗ ಆರಂಭಿಸಿದವರು ಬೇಗ ಮುಗಿಸಿದರು. ತಡವಾಗಿ ಆರಂಭಿಸಿದವರು ತಡವಾಗಿ ಮುಗಿಸಿದರು. ಹೋಗನ್ ಮೊದಲ ಮೇಜರ್ ಗೆದ್ದ ವಯಸ್ಸಿಗೆ ಬ್ಯಾಲೆಸ್ಟೆರೋಸರ ಗೆಲುವುಗಳೆಲ್ಲ ಮುಗಿದಿದ್ದವು. ಜೋನ್ಸ್ ನಿವೃತ್ತರಾಗಿ ಆರು ವರ್ಷವಾಗಿರುವ ವಯಸ್ಸು ಅದು.

ಅಂದರೆ ಚಾಂಪಿಯನ್ನನಿಗೆ ಎರಡು ಗಡಿಯಾರಗಳಿವೆ ಎಂದಾಯಿತು. ಒಂದು ಹುಟ್ಟಿದ ದಿನದಿಂದ ಓಡುವುದು. ಇನ್ನೊಂದು ಮೊದಲ ದೊಡ್ಡ ಗೆಲುವಿನ ದಿನದಿಂದ ಓಡಲು ತೊಡಗುವುದು. ನಾವು ಮೊದಲನೆಯದನ್ನೇ ನೋಡುತ್ತ ಕೂರುತ್ತೇವೆ. ಬಹಳ ಸಲ ಆಟಗಾರನನ್ನು ದಣಿಸುವುದು ಎರಡನೆಯದು.

ಬಾಬಿ ಜೋನ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕದ ಜಾರ್ಜಿಯಾದವರು, ವೃತ್ತಿಯಲ್ಲಿ ವಕೀಲರು, ಹಣಕ್ಕಾಗಿ ಆಡಿದವರಲ್ಲ. ಆ ಕಾಲದಲ್ಲಿ ಹವ್ಯಾಸಿಗಳ ಎರಡು ಚಾಂಪಿಯನ್‌ಷಿಪ್‌ಗಳೂ ಮೇಜರುಗಳೆಂದೇ ಗಣನೆಯಾಗುತ್ತಿದ್ದವು. 1930ರಲ್ಲಿ ಅವರು ಬ್ರಿಟನ್ ಮತ್ತು ಅಮೆರಿಕದ ಓಪನ್, ಎರಡೂ ದೇಶಗಳ ಹವ್ಯಾಸಿ ಪ್ರಶಸ್ತಿ, ಹೀಗೆ ನಾಲ್ಕನ್ನೂ ಒಂದೇ ವರ್ಷ ಗೆದ್ದು, ಒಟ್ಟು ಹದಿಮೂರು ಪ್ರಶಸ್ತಿಗಳೊಡನೆ 28ನೆಯ ವಯಸ್ಸಿನಲ್ಲಿ ನಿವೃತ್ತಿ ಘೋಷಿಸಿದರು. ಪಂದ್ಯಾವಳಿಯ ದಿನಗಳಲ್ಲಿ ಒತ್ತಡದಿಂದ ಅವರ ತೂಕವೇ ಇಳಿದುಹೋಗುತ್ತಿತ್ತು. 28 ವರ್ಷ ದೇಹ ಸವೆಯುವ ವಯಸ್ಸಲ್ಲ. ಆದರೆ ಗೆಲ್ಲಲೇಬೇಕೆಂದು ಎಲ್ಲರೂ ಎದುರು ನೋಡುವ ಭಾರವನ್ನು ಏಳು ವರ್ಷ ಹೊತ್ತಾಗಿತ್ತು.

ಇದಕ್ಕೆ ಎದುರಾಗಿ ಬೆನ್ ಹೋಗನ್ ಅವರನ್ನು ನೋಡಿ. 1930ರಲ್ಲಿ, ಅಂದರೆ ಜೋನ್ಸ್ ಆಟ ಬಿಟ್ಟ ವರ್ಷ, ಹದಿನೇಳರ ಹುಡುಗ ಹೋಗನ್ ವೃತ್ತಿಪರ ಆಟಗಾರರಾದರು. ಮುಂದಿನ ಹತ್ತು ವರ್ಷ ಸೋಲಿನ ಮೇಲೆ ಸೋಲು. ಆಮೇಲೆ ಯುದ್ಧ ಬಂದು ಸೈನ್ಯದ ಸೇವೆ. ಮೊದಲ ಮೇಜರ್ ಸಿಕ್ಕಿದ್ದು 34ಕ್ಕೆ. 1949ರ ಫೆಬ್ರವರಿಯಲ್ಲಿ ಟೆಕ್ಸಾಸಿನ ರಸ್ತೆಯಲ್ಲಿ ಮಂಜು ಕವಿದಿದ್ದಾಗ ಎದುರಿನಿಂದ ಬಂದ ಬಸ್ಸೊಂದು ಅವರ ಕಾರಿಗೆ ಅಪ್ಪಳಿಸಿತು. ಮತ್ತೆ ನಡೆಯುವುದೇ ಅನುಮಾನ ಎಂಬ ಸ್ಥಿತಿ. ಹದಿನಾರು ತಿಂಗಳ ನಂತರ, 1950ರ ಅಮೆರಿಕನ್ ಓಪನ್‌ನಲ್ಲಿ ಕಾಲುಗಳಿಗೆ ಪಟ್ಟಿ ಸುತ್ತಿಕೊಂಡು ಕೊನೆಯ ದಿನ 36 ಕುಳಿ ನಡೆದು, ಮರುದಿನ ಸಮಬಲ ಮುರಿಯಲು ಇನ್ನೂ 18 ಕುಳಿ ಆಡಿ ಗೆದ್ದರು. 1953ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಒಂದೇ ವರ್ಷ ಮೂರು ಮೇಜರ್! ಅವರ ಒಂಬತ್ತು ಪ್ರಶಸ್ತಿಗಳಲ್ಲಿ ಆರು ಆ ಅಪಘಾತದ ನಂತರದವು. 'ಗಿಡವಾಗಿ ಬಗ್ಗದ್ದು' ಎಂಬ ಗಾದೆ ಹೋಗನ್ ಎದುರು ತಲೆ ತಗ್ಗಿಸಲೇಬೇಕು.

ಹಾಗಾದರೆ ನಿಕ್ಲಾಸ್ ಅವರಿಗೆ 24 ವರ್ಷ, ವುಡ್ಸ್ ಅವರಿಗೆ 22 ವರ್ಷ, ದಕ್ಷಿಣ ಆಫ್ರಿಕಾದ ಗ್ಯಾರಿ ಪ್ಲೇಯರ್ ಅವರಿಗೆ 1959ರಿಂದ 1978ರವರೆಗೆ 19 ವರ್ಷ ಗೆಲುವಿನ ಅವಧಿ ಸಿಕ್ಕಿತಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಈ ಲೆಕ್ಕ ಎಲ್ಲರಿಗೂ ಹೊಂದುವ ನಿಯಮವಲ್ಲ. ಆದರೆ ದೀರ್ಘಕಾಲ ಬಾಳಿದವರನ್ನು ಹತ್ತಿರದಿಂದ ನೋಡಿದರೆ ಅವರ ಎರಡನೆಯ ಗಡಿಯಾರ ನಡುನಡುವೆ ನಿಂತದ್ದು ಕಾಣುತ್ತದೆ. ನಿಕ್ಲಾಸ್ ಎಲ್ಲ ಪಂದ್ಯಗಳನ್ನೂ ಆಡಲು ಓಡಿದವರಲ್ಲ. ಆಯ್ದ ಪಂದ್ಯಗಳನ್ನು ಮಾತ್ರ ಆಡಿ, ಉಳಿದ ಸಮಯವನ್ನು ಹೆಂಡತಿ ಮತ್ತು ಐವರು ಮಕ್ಕಳೊಡನೆ ಕಳೆದರು. ಪ್ಲೇಯರ್, ವ್ಯಾಯಾಮ ಮಾಡುವ ಗಾಲ್ಫ್ ಆಟಗಾರನನ್ನು ಕಂಡು ಜನ ನಗುತ್ತಿದ್ದ ಕಾಲದಲ್ಲಿ ದಿನನಿತ್ಯ ವ್ಯಾಯಾಮ ಮಾಡಿದವರು. ವುಡ್ಸ್ ಅವರಿಗೆ ವಿರಾಮವನ್ನು ಗಾಯಗಳೇ ಬಲವಂತವಾಗಿ ಕೊಟ್ಟವು. ಇಂಗ್ಲಿಷ್ ಕಾಲುವೆಯ ಜೆರ್ಸಿ ದ್ವೀಪದಲ್ಲಿ ಹುಟ್ಟಿದ ಹ್ಯಾರಿ ವಾರ್ಡನ್ ಓಪನ್ ಪ್ರಶಸ್ತಿಯನ್ನು 1896, 1898, 1899, 1903ರಲ್ಲಿ ಗೆದ್ದ ಮೇಲೆ ಕ್ಷಯ ರೋಗಕ್ಕೆ ತುತ್ತಾದರು. ಎಂಟು ವರ್ಷಗಳ ನಂತರ 1911ರಲ್ಲಿ ಮತ್ತೆ ಗೆದ್ದು, 1914ರಲ್ಲಿ 44ನೆಯ ವಯಸ್ಸಿನಲ್ಲಿ ಆರನೆಯ ಬಾರಿ ಗೆದ್ದರು. ಆರು ಓಪನ್ ಗೆದ್ದ ಇನ್ನೊಬ್ಬರು ಈವರೆಗೆ ಇಲ್ಲ.

ಮೊದಲು ಸವೆಯುವುದು ಯಾವುದು?

ವಯಸ್ಸಾದಂತೆ ಹೊಡೆತದ ದೂರ ಕಡಿಮೆಯಾಗುವುದು ಸಹಜ. ಆದರೆ ಹಿರಿಯ ಆಟಗಾರರನ್ನು ಸೋಲಿಸಿದ್ದು ಬಹುತೇಕ ದೂರದ ಹೊಡೆತವಲ್ಲ, ಹತ್ತಿರದ ಹೊಡೆತ. ಕುಳಿಯ ಸುತ್ತ ಹುಲ್ಲನ್ನು ನಯವಾಗಿ ಕತ್ತರಿಸಿದ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಅಲ್ಲಿ ಚೆಂಡನ್ನು ಮೆಲ್ಲಗೆ ಉರುಳಿಸುವುದೇ ಪಟ್ಟಿಂಗ್. 72 ಹೊಡೆತಗಳ ಮೈದಾನದಲ್ಲಿ ಪ್ರತಿ ಕುಳಿಗೆ ಎರಡರಂತೆ 36 ಹೊಡೆತಗಳನ್ನು ಇದಕ್ಕೆಂದೇ ಎಣಿಸಿರುತ್ತಾರೆ. ಅರ್ಧ ಆಟ ಇದೇ. ಇದಕ್ಕೆ ಶಕ್ತಿ ಬೇಡ, ಮಗುವೂ ಮಾಡಬಲ್ಲದು. ಬೇಕಾದದ್ದು ನಡುಗದ ಕೈ.

ಆ ಕೈಯೇ ಮೊದಲು ಕೈಕೊಡುತ್ತದೆ. ವಾರ್ಡನ್ ಅವರಿಗೆ ಕಾಯಿಲೆಯ ನಂತರ ಸಣ್ಣ ಪಟ್ ಹೊಡೆಯುವಾಗ ಬಲಗೈ ತಟ್ಟನೆ ಅದುರುತ್ತಿತ್ತು. ಹೋಗನ್ ತಮ್ಮ ಕೊನೆಯ ವರ್ಷಗಳಲ್ಲಿ ದೂರದ ಹೊಡೆತಗಳನ್ನು ಅಳತೆ ಹಿಡಿದಂತೆ ಹೊಡೆದು, ಗ್ರೀನ್ ತಲುಪಿದ ಮೇಲೆ ಚೆಂಡಿನ ಮುಂದೆ ಕಂಬದಂತೆ ನಿಂತುಬಿಡುತ್ತಿದ್ದರು. ಕೋಲು ಹಿಂದಕ್ಕೆ ಸರಿಯುತ್ತಲೇ ಇರಲಿಲ್ಲ. ಹೋಗನ್ ಹುಟ್ಟಿದ ವರ್ಷವೇ, 1912ರಲ್ಲಿ, ಹುಟ್ಟಿದ ಸ್ಯಾಮ್ ಸ್ನೀಡ್ ಈ ಕಷ್ಟಕ್ಕೆ ಉಪಾಯ ಹುಡುಕಿ ಚೆಂಡಿನ ಎರಡೂ ಬದಿಗೆ ಕಾಲಿಟ್ಟು ಹೊಡೆಯತೊಡಗಿದರು. 1968ರಲ್ಲಿ ಆ ಪದ್ಧತಿಗೆ ನಿಷೇಧ ಬಂದಾಗ ಎರಡೂ ಕಾಲುಗಳನ್ನು ಒಂದೇ ಬದಿಗೆ ತಂದು ಆಡಿದರು. 52ನೆಯ ವಯಸ್ಸಿನಲ್ಲಿ, 1965ರಲ್ಲಿ, ಅವರು ಗ್ರೀನ್ಸ್‌ಬರೋ ಪಂದ್ಯಾವಳಿ ಗೆದ್ದಿದ್ದರು. 1974ರ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ 62ನೆಯ ವಯಸ್ಸಿನಲ್ಲಿ ಮೂರನೆಯ ಸ್ಥಾನ ಹಂಚಿಕೊಂಡರು. ಆದರೆ ಮೇಜರ್ ಮಾತ್ರ 1954ರ ನಂತರ ಒಲಿಯಲಿಲ್ಲ.

ಅಂದಹಾಗೆ ಹಿರಿಯ ಟಾಮ್ ಮಾರಿಸ್ ಕೂಡ ಸಣ್ಣ ಪಟ್ ತಪ್ಪಿಸುವುದರಲ್ಲಿ ಪ್ರಖ್ಯಾತರು. 'ಸಣ್ಣ ಪಟ್ ತಪ್ಪಿಸುವವರಿಗೆ, ಪ್ರೆಸ್ಟ್‌ವಿಕ್' ಎಂದಷ್ಟೇ ವಿಳಾಸ ಬರೆದ ಕಾಗದವನ್ನು ಅಂಚೆಯವನು ನೇರವಾಗಿ ಅವರಿಗೇ ತಲುಪಿಸಿದನೆಂಬ ಕಥೆ ಉಂಟು.

ಹೊಡೆತ ಹಳೆಯದಾಗುವುದಕ್ಕಿಂತ ಮುಂಚೆ ನೆನಪು ಭಾರವಾಗುತ್ತದೆ ಎಂದು ನನಗೆ ತೋರುತ್ತದೆ. ಹದಿನೇಳರ ಹುಡುಗನಿಗೆ ತಪ್ಪಿದ ಪಟ್‌ಗಳ ನೆನಪೇ ಇಲ್ಲ. ನಲವತ್ತೈದರವನಿಗೆ ಪ್ರತಿಯೊಂದೂ ನೆನಪಿದೆ.

ಒಂದೇ ಹೆಜ್ಜೆ ದೂರದಲ್ಲಿ

ಹಿರಿಯರು ಸೋತ ಕೆಲವು ಪಂದ್ಯಗಳು ಗೆದ್ದ ಪಂದ್ಯಗಳಿಗಿಂತ ಹೆಚ್ಚು ಕಲಿಸುತ್ತವೆ.

1920ರ ಅಮೆರಿಕನ್ ಓಪನ್. ಒಹಾಯೊದ ಟೊಲೆಡೊ ನಗರ. ಐವತ್ತರ ವಾರ್ಡನ್ ಕೊನೆಯ ಸುತ್ತಿನಲ್ಲಿ, ಇನ್ನು ಏಳೇ ಕುಳಿ ಉಳಿದಿರುವಾಗ ಎಲ್ಲರಿಗಿಂತ ಮುಂದಿದ್ದರು. ಆಗ ಬಿರುಗಾಳಿ ಎದ್ದಿತು. ದಣಿದ ದೇಹ, ಎದುರು ಗಾಳಿ. ಒಂದೊಂದೇ ಹೊಡೆತ ಕೈಬಿಟ್ಟು ಹೋಗಿ ಕೊನೆಗೆ ಒಂದೇ ಒಂದು ಹೊಡೆತದಿಂದ ಸೋತರು. ಗೆದ್ದವರು ಅವರದೇ ಊರಿನ ಕಡೆಯ ಟೆಡ್ ರೇ. ಅವರೂ 43 ವರ್ಷದವರೇ.

1960ರ ಅಮೆರಿಕನ್ ಓಪನ್. ಡೆನ್ವರ್ ಸಮೀಪದ ಚೆರಿ ಹಿಲ್ಸ್ ಮೈದಾನ. 47ರ ಹೋಗನ್ ಮತ್ತು 20ರ ಹವ್ಯಾಸಿ ನಿಕ್ಲಾಸ್ ಜೊತೆಯಾಗಿ ಆಡುತ್ತಿದ್ದರು. ಮುಕ್ತಾಯಕ್ಕೆ ಎರಡು ಕುಳಿ ಇರುವಾಗ ಹೋಗನ್ ಹೊಡೆದ ಚೆಂಡು ಗ್ರೀನ್ ಅಂಚಿನ ನೀರಿಗೆ ಬಿತ್ತು. ಅಲ್ಲಿಗೆ ಅವರ ಆಸೆ ಮುಗಿಯಿತು. ನಿಕ್ಲಾಸ್ ಎರಡನೆಯವರಾದರು. ಗೆದ್ದವರು 30ರ ಪಾಮರ್. ಒಬ್ಬರಿಗೆ ಇನ್ನೂ ಕಾಲ ಬಂದಿರಲಿಲ್ಲ, ಒಬ್ಬರ ಕಾಲ ಕಳೆದಿತ್ತು, ಒಬ್ಬರ ಕಾಲ ಅದೇ ಆಗಿತ್ತು. ಮೂರು ತಲೆಮಾರುಗಳನ್ನು ಒಂದೇ ಮಧ್ಯಾಹ್ನ ಕಾಣಬೇಕೆಂದರೆ ಆ ದಿನವನ್ನು ಓದಬೇಕು.

2009ರ ಓಪನ್. ಸ್ಕಾಟ್ಲೆಂಡಿನ ಟರ್ನ್‌ಬೆರಿ. ಇದೇ ಮೈದಾನದಲ್ಲಿ 1977ರಲ್ಲಿ, 27ನೆಯ ವಯಸ್ಸಿನಲ್ಲಿ, ನಿಕ್ಲಾಸ್ ಅವರನ್ನು ಒಂದು ಹೊಡೆತದಿಂದ ಸೋಲಿಸಿ ಗೆದ್ದಿದ್ದ ವಾಟ್ಸನ್, ಈಗ 59 ವರ್ಷದವರು. ಹಿಂದಿನ ವರ್ಷವಷ್ಟೇ ಸೊಂಟದ ಕೀಲು ಬದಲಿಸಿಕೊಂಡಿದ್ದರು. ನಾಲ್ಕನೆಯ ದಿನದ ಕೊನೆಯ ಕುಳಿಯನ್ನು ನಾಲ್ಕು ಹೊಡೆತಗಳಲ್ಲಿ ಮುಗಿಸಿದ್ದರೆ ಇತಿಹಾಸವೇ ಬೇರೆಯಾಗುತ್ತಿತ್ತು. ಗ್ರೀನ್ ಕಡೆಗೆ ಹೊಡೆದ ಚೆಂಡು ಒಳ್ಳೆಯದೇ ಆಗಿತ್ತು; ಗಟ್ಟಿ ನೆಲದ ಮೇಲೆ ಪುಟಿದು ಹಿಂದಕ್ಕೆ ಉರುಳಿಹೋಯಿತು. ಉಳಿದದ್ದು ಸುಮಾರು ಎಂಟು ಅಡಿಯ ಒಂದು ಪಟ್. ಅದು ಕುಳಿಯ ಬಳಿಯೂ ಸುಳಿಯಲಿಲ್ಲ. ಸಮಬಲ ಮುರಿಯಲು ಆಡಿದ ನಾಲ್ಕು ಕುಳಿಗಳಲ್ಲಿ 36 ವರ್ಷದ ಸ್ಟುವರ್ಟ್ ಸಿಂಕ್ ಆರು ಹೊಡೆತಗಳಿಂದ ಗೆದ್ದರು. 'ಅರಳು ಮರಳು' ಎಂದು ಯಾರೂ ಅನ್ನುವಂತಿರಲಿಲ್ಲ. 71 ಕುಳಿಗಳಲ್ಲಿ ಆ ಮನುಷ್ಯ ಜಗತ್ತಿನ ಎಲ್ಲರಿಗಿಂತ ಚೆನ್ನಾಗಿ ಆಡಿದ್ದರು. ವಯಸ್ಸು ಕಿತ್ತುಕೊಂಡದ್ದು ಎಪ್ಪತ್ತೆರಡನೆಯದನ್ನು ಮಾತ್ರ.

ವಯಸ್ಸು ಸಾಮರ್ಥ್ಯವನ್ನು ಒಮ್ಮೆಲೇ ಕಸಿದುಕೊಳ್ಳುವುದಿಲ್ಲ. ಮೊದಲು ಕೊನೆಯ ಕುಳಿಯನ್ನು ತೆಗೆದುಕೊಳ್ಳುತ್ತದೆ, ಆಮೇಲೆ ಕೊನೆಯ ದಿನವನ್ನು, ಆಮೇಲೆ ಉಳಿದದ್ದನ್ನು. ಮೂವತ್ತರಲ್ಲಿ ವರ್ಷಕ್ಕೆ ಎರಡು ಬಾರಿ ಆಗುತ್ತಿದ್ದದ್ದು ನಲವತ್ತರಲ್ಲಿ ಐದು ವರ್ಷಕ್ಕೊಮ್ಮೆ ಆದೀತು.

ಗೆದ್ದ ಹಿರಿಯರು

ಆದರೂ ಐದು ವರ್ಷಕ್ಕೊಮ್ಮೆ ಆದದ್ದು ಆದದ್ದೇ. ಜೂಲಿಯಸ್ ಬೊರೋಸ್ ಲೆಕ್ಕಪತ್ರದ ಕೆಲಸದಲ್ಲಿದ್ದವರು. 29ನೆಯ ವಯಸ್ಸಿಗೆ ವೃತ್ತಿಪರರಾದರು, 32ಕ್ಕೆ ಮೊದಲ ಮೇಜರ್, 43ಕ್ಕೆ ಎರಡನೆಯದು, 1968ರಲ್ಲಿ 48ಕ್ಕೆ ಪಿಜಿಎ ಚಾಂಪಿಯನ್‌ಷಿಪ್. ತಡವಾಗಿ ಹೊರಟವರು ತಡವಾಗಿಯೇ ತಲುಪಿದರು.

1986ರ ಮಾಸ್ಟರ್ಸ್ ಹೊತ್ತಿಗೆ ನಿಕ್ಲಾಸ್ ಆರು ವರ್ಷಗಳಿಂದ ಮೇಜರ್ ಗೆದ್ದಿರಲಿಲ್ಲ. ಅವರ ಕಾಲ ಮುಗಿಯಿತೆಂದು ಬರೆದ ಪತ್ರಿಕಾ ಲೇಖನವೊಂದನ್ನು ಸ್ನೇಹಿತರೊಬ್ಬರು ಕತ್ತರಿಸಿ, ಅವರು ತಂಗಿದ್ದ ಮನೆಯ ಫ್ರಿಜ್ ಮೇಲೆ ಅಂಟಿಸಿದ್ದರಂತೆ. ಕೊನೆಯ ದಿನ ನಾಲ್ಕು ಹೊಡೆತ ಹಿಂದಿದ್ದ ಅವರು ಕೊನೆಯ ಒಂಬತ್ತು ಕುಳಿಗಳನ್ನು 30 ಹೊಡೆತಗಳಲ್ಲಿ ಮುಗಿಸಿ ಒಂದು ಹೊಡೆತದಿಂದ ಗೆದ್ದರು. ಕೋಲುಗಳ ಚೀಲ ಹೊತ್ತ ಕ್ಯಾಡಿ ಅವರ ಹಿರಿಯ ಮಗ. ವಯಸ್ಸು 46. ಹಿರಿಯ ಮಾರಿಸ್ 1867ರಲ್ಲಿ ಗೆದ್ದ ವಯಸ್ಸೂ ಅದೇ.

2019ರಲ್ಲಿ ಅದೇ ಮೈದಾನದಲ್ಲಿ ವುಡ್ಸ್ 43ನೆಯ ವಯಸ್ಸಿನಲ್ಲಿ ಗೆದ್ದರು. 2008ರ ನಂತರ ಹನ್ನೊಂದು ವರ್ಷ ಮೇಜರ್ ಇರಲಿಲ್ಲ; ಬೆನ್ನಿಗೆ ನಾಲ್ಕು ಶಸ್ತ್ರಚಿಕಿತ್ಸೆಗಳಾಗಿದ್ದವು. ಮತ್ತೆ 2021ರ ಮೇ ತಿಂಗಳಲ್ಲಿ, ದಕ್ಷಿಣ ಕೆರೊಲಿನಾದ ಕಿಯಾವಾ ದ್ವೀಪದ ಅತಿ ಉದ್ದದ ಮೈದಾನದಲ್ಲಿ, ಫಿಲ್ ಮಿಕಲ್ಸನ್ ಪಿಜಿಎ ಚಾಂಪಿಯನ್‌ಷಿಪ್ ಗೆದ್ದರು. ಐವತ್ತು ದಾಟಿ ಮೇಜರ್ ಗೆದ್ದ ಆ ಒಬ್ಬರೇ ಒಬ್ಬರು ಇವರು. ವಿಶ್ವ ಕ್ರಮಾಂಕದಲ್ಲಿ ನೂರರ ಆಚೆ ಇದ್ದವರು. 2010ರಿಂದ ಸಂಧಿವಾತದೊಡನೆ ಬಾಳುತ್ತಿದ್ದವರು. ಇವರ ಮೊದಲ ಮೇಜರ್ ಬಂದದ್ದು 33ಕ್ಕೆ ಎಂಬುದನ್ನು ಮರೆಯಬೇಡಿ. ಇನ್ನೊಂದು ಸ್ವಾರಸ್ಯ: ಇವರ ಜನ್ಮದಿನ 1970ರ ಜೂನ್ 16. ಹಿರಿಯ ಟಾಮ್ ಮಾರಿಸ್ ಹುಟ್ಟಿದ್ದೂ ಜೂನ್ 16ರಂದೇ.

2025ರ ಮಾಸ್ಟರ್ಸ್ ಕೂಡ ಇದೇ ಸಾಲಿಗೆ ಸೇರುತ್ತದೆ. 22ನೆಯ ವಯಸ್ಸಿನಿಂದ 25ರೊಳಗೆ ನಾಲ್ಕು ಮೇಜರ್ ಗೆದ್ದು, ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬರಿಗೈಯಲ್ಲಿ ಹಿಂದಿರುಗುತ್ತಿದ್ದ ರೋರಿ ಮೆಕಿಲ್‌ರಾಯ್ 35ಕ್ಕೆ ಮತ್ತೆ ಗೆದ್ದರು. ಸಮಬಲ ಮಾಡಿ ಕೊನೆಯವರೆಗೆ ಎದುರು ನಿಂತವರು 44 ವರ್ಷದ ಜಸ್ಟಿನ್ ರೋಸ್.

ಇದು ದೂರದ ದೇಶಗಳ ಕಥೆ ಮಾತ್ರವಲ್ಲ. ಕಿರಿಯ ಮಾರಿಸ್ ತೀರಿಕೊಂಡ ಮರುವರ್ಷ, 1876ರಲ್ಲಿ, ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾಯಿತು. ಅದೇ ನಗರದಲ್ಲಿ ಹುಟ್ಟಿದ ಅದಿತಿ ಅಶೋಕ್ 2016ರಲ್ಲಿ ರಿಯೊ ಒಲಿಂಪಿಕ್ಸ್ ಆಡಿದಾಗ 18 ವರ್ಷದ ಹುಡುಗಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾದಾಗ 23. ಒಂದು ಹೊಡೆತದಿಂದ ಪದಕ ತಪ್ಪಿತೆಂದು ನಾವೆಲ್ಲ ನಿಟ್ಟುಸಿರಿಟ್ಟೆವು. ಮೇಲಿನ ಲೆಕ್ಕವನ್ನು ಓದಿದವರು ಆ ಮಗುವಿನ ಗಡಿಯಾರದ ಬಗ್ಗೆ ಅವಸರದ ತೀರ್ಪು ಕೊಡಲಾರರು.

ಮೇಷ್ಟರ ಮಾತು

ಇಷ್ಟನ್ನೆಲ್ಲ ಬರೆದದ್ದಕ್ಕೆ ಕಾರಣವಿದೆ. ನನ್ನ ಮೊದಲ ವರ್ಷಗಳ ವಿದ್ಯಾರ್ಥಿಗಳು ಈಗ ಐವತ್ತು ದಾಟಿದ್ದಾರೆ. ಫೋನ್ ಮಾಡಿದಾಗ 'ಇನ್ನೇನು ಸಾರ್, ನಮ್ಮದೆಲ್ಲ ಮುಗೀತು' ಎನ್ನುವವರೇ ಹೆಚ್ಚು. ಎಸ್ಸೆಸ್ಸೆಲ್ಸಿಯಲ್ಲಿ ತಾಲ್ಲೂಕಿಗೇ ಮೊದಲಿಗನಾದ ಒಬ್ಬ ಹುಡುಗ ಮೂವತ್ತೈದಕ್ಕೇ ದಣಿದು ಪುಸ್ತಕದ ಮುಖ ನೋಡುವುದನ್ನೇ ಬಿಟ್ಟದ್ದನ್ನು ಕಂಡಿದ್ದೇನೆ. ಹದಿನಾರನೆಯ ವಯಸ್ಸಿನಿಂದ ಮೊದಲಿಗನಾಗಿರುವ ಭಾರವನ್ನು ಅವನು ಇಳಿಸಿಯೇ ಇರಲಿಲ್ಲ. ಗಣಿತದಲ್ಲಿ ಎರಡು ಬಾರಿ ನಪಾಸಾದ ಒಬ್ಬ ಹೆಣ್ಣುಮಗಳು ನಲವತ್ತೆರಡಕ್ಕೆ ಪದವಿ ಪಡೆದದ್ದನ್ನೂ ಕಂಡಿದ್ದೇನೆ. ಮಕ್ಕಳಿಗೆ ಹದಿನಾರಕ್ಕೇ ಬೆಲೆ ಕಟ್ಟುವ, ದೊಡ್ಡವರಿಗೆ ಐವತ್ತಕ್ಕೇ ಬೀಗ ಹಾಕುವ ನಮ್ಮ ಪದ್ಧತಿ ನೋಡುವುದು ಹುಟ್ಟಿನ ಗಡಿಯಾರವೊಂದನ್ನೇ.

ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ಕಾಲ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಹದಿನೆಂಟು ಮೇಜರ್ ಗೆದ್ದವರನ್ನೂ ಅದು ಬಿಡಲಿಲ್ಲ. ಮೂವತ್ತರಲ್ಲಿ ಮಾಡಬೇಕಾದ ಕೆಲಸವನ್ನು ಐವತ್ತಕ್ಕೆಂದು ಮುಂದೂಡಬೇಡಿ. ಆದರೆ ಮೊದಲ ಮೂವತ್ತು ವರ್ಷ ಏನೂ ಕೂಡಿಬರದಿದ್ದರೆ ಅಷ್ಟು ವರ್ಷ ನಿಮ್ಮ ಎರಡನೆಯ ಗಡಿಯಾರ ಓಡಿಯೇ ಇಲ್ಲವೆಂದು ತಿಳಿಯಿರಿ. ಬೇಗ ಗೆದ್ದವರಾದರೆ ನಡುವೆ ಅದನ್ನು ನಿಲ್ಲಿಸುವುದನ್ನು ಕಲಿಯಿರಿ. ನಿಮ್ಮ ಮಕ್ಕಳ ವಿಷಯದಲ್ಲಿ ಈ ಮಾತನ್ನು ಇನ್ನೂ ಹೆಚ್ಚಾಗಿ ನೆನಪಿಡಿ.

ಮಗನನ್ನು ಕಳೆದುಕೊಂಡ ಮೇಲೆ ಹಿರಿಯ ಟಾಮ್ ಮಾರಿಸ್ ಮತ್ತೆ ಓಪನ್ ಗೆಲ್ಲಲಿಲ್ಲ. ಆದರೆ ಎಪ್ಪತ್ತು ದಾಟಿದ ಮೇಲೂ ಆ ಪಂದ್ಯಾವಳಿಯಲ್ಲಿ ಆಡಿದರು. ಸೇಂಟ್ ಆಂಡ್ರ್ಯೂಸ್‌ನ ಹುಲ್ಲನ್ನು ದಶಕಗಳ ಕಾಲ ನೋಡಿಕೊಂಡರು. ಬ್ರಿಟನ್ನಿನ ಉದ್ದಗಲಕ್ಕೂ ಹೊಸ ಮೈದಾನಗಳ ನಕ್ಷೆ ಹಾಕಿಕೊಟ್ಟರು. ಅವುಗಳಲ್ಲಿ ಹಲವು ಮೈದಾನಗಳಲ್ಲಿ ಜನ ಇವತ್ತಿಗೂ ಆಡುತ್ತಾರೆ.

ಎಲ್ಲರಿಗೂ ಒಳ್ಳೆಯದಾಗಲಿ.